ನಾಮಪತ್ರಕ್ಕೂ ಮುಂಚೆ ಸೋತವರು: ಹರಿಯಾಣದ ರಾಜಬಾಲಾ ಪ್ರಕರಣ

ಚುನಾವಣೆಯಲ್ಲಿ ಸೋಲುವುದಕ್ಕೂ ಒಂದು ಮರ್ಯಾದೆ ಇದೆ. ಬಿಸಿಲಲ್ಲಿ ಮನೆಮನೆ ತಿರುಗಿ, ಕೈಮುಗಿದು, ಎಣಿಕೆಯ ದಿನ ಕೊನೆಯ ಕಟ್ಟು ಬಿಚ್ಚುವವರೆಗೂ ಕಾದು ಸೋತವರನ್ನು ಊರು ಮುಂದಿನ ಸಲಕ್ಕೆ ನೆನಪಿಟ್ಟುಕೊಳ್ಳುತ್ತದೆ. 2015ರಲ್ಲಿ ಹರಿಯಾಣದ ಹಳ್ಳಿಗಳ ಲಕ್ಷಾಂತರ ಜನರಿಗೆ ಆ ಮರ್ಯಾದೆಯೂ ದಕ್ಕಲಿಲ್ಲ. ನಾಮಪತ್ರದ ನಮೂನೆ ಕೈಗೆ ಬರುವ ಮೊದಲೇ ಅವರು ಸೋತಿದ್ದರು. ಅವರನ್ನು ಸೋಲಿಸಿದ್ದು, ಪಂಚಾಯಿತಿ ಚುನಾವಣೆಗೆ ಯಾರು ನಿಲ್ಲಬಹುದು ಎಂದು ಹೇಳುವ ಕಾಯ್ದೆಗೆ ಬಂದ ಒಂದು ತಿದ್ದುಪಡಿ.

ಅಂಥವರ ಪೈಕಿ ಮೂವರು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಮೊದಲ ಅರ್ಜಿದಾರರ ಹೆಸರಿನಿಂದಾಗಿ ಪ್ರಕರಣ 'ರಾಜಬಾಲಾ ವಿರುದ್ಧ ಹರಿಯಾಣ ರಾಜ್ಯ' ಎಂದೇ ಪ್ರಸಿದ್ಧವಾಯಿತು. 2015ರ ಡಿಸೆಂಬರ್ 10ರಂದು ನ್ಯಾಯಮೂರ್ತಿ ಜೆ. ಚಲಮೇಶ್ವರ್ ಮತ್ತು ನ್ಯಾಯಮೂರ್ತಿ ಅಭಯ್ ಮನೋಹರ್ ಸಪ್ರೆ ಅವರ ಪೀಠ ಅರ್ಜಿಯನ್ನು ವಜಾ ಮಾಡಿತು. ಮರು ತಿಂಗಳೇ, 2016ರ ಜನವರಿಯಲ್ಲಿ, ಹೊಸ ನಿಯಮಗಳಡಿಯಲ್ಲಿ ಮತದಾನ ನಡೆದುಹೋಯಿತು.

ತೀರ್ಪಿನ ಬಗ್ಗೆ ವಕೀಲರು ಬಹಳ ಬರೆದಿದ್ದಾರೆ. ಇಲ್ಲಿ ನಾನು ಅದನ್ನು ಚುನಾವಣೆಗೆ ನಿಲ್ಲಬೇಕೆಂದು ಹೊರಟ ಹೆಂಗಸಿನ ಕಡೆಯಿಂದ ನೋಡುತ್ತೇನೆ. ಅವಳ ದಾರಿಗೆ ಏನೇನು ಅಡ್ಡ ಬಂತು, ಆ ಅಡ್ಡಗಳನ್ನು ಇಟ್ಟವರು ಯಾರು ಎಂಬುದಷ್ಟೇ ನನ್ನ ಕುತೂಹಲ.

ಐದು ಬೇಲಿಗಳು

1994ರ ಹರಿಯಾಣ ಪಂಚಾಯಿತಿ ರಾಜ್ ಕಾಯ್ದೆಯಲ್ಲಿ ಯಾರು ಅನರ್ಹರು ಎಂದು ಹೇಳುವ ಕಲಮು ಮೊದಲಿನಿಂದಲೂ ಇತ್ತು. 2015ರ ಆಗಸ್ಟ್‌ನಲ್ಲಿ ಸುಗ್ರೀವಾಜ್ಞೆಯಾಗಿ, ಸೆಪ್ಟೆಂಬರ್‌ನಲ್ಲಿ ವಿಧಾನಸಭೆ ಅಂಗೀಕರಿಸಿದ ಕಾಯ್ದೆಯಾಗಿ, ಆ ಪಟ್ಟಿಗೆ ಹೊಸ ಅನರ್ಹತೆಗಳು ಸೇರಿದವು. ಚುನಾವಣೆ ಹೊಸ್ತಿಲಲ್ಲಿತ್ತು. ಸೆಪ್ಟೆಂಬರ್ ಮಧ್ಯದಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಾಗ ಆಗಲೇ ಪ್ರಕಟವಾಗಿದ್ದ ವೇಳಾಪಟ್ಟಿಯನ್ನು ಕೈಬಿಡಬೇಕಾಯಿತು. ಈ ಅವಸರವನ್ನು ಗಮನಿಸಬೇಕು. ಮುಂದಿನ ಅವಧಿಯಿಂದ ಹತ್ತನೆಯ ತರಗತಿ ಕಡ್ಡಾಯ ಎಂದು ಹೇಳಿ ಐದು ವರ್ಷ ಸಮಯ ಕೊಟ್ಟಿದ್ದರೆ ಒಂದಿಷ್ಟು ಜನರಾದರೂ ಓದಿಕೊಳ್ಳುತ್ತಿದ್ದರೇನೋ. ಮುಂದಿನ ತಿಂಗಳ ಚುನಾವಣೆಗೆ ಈ ತಿಂಗಳು ಷರತ್ತು ಹಾಕಿದರೆ ಓದುವುದಕ್ಕೆ ಸಮಯವೆಲ್ಲಿದೆ?

ಸೇರಿದ ಅನರ್ಹತೆಗಳು ಇವು. ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆ ಇರುವ ಅಪರಾಧದಲ್ಲಿ ದೋಷಾರೋಪ ನಿಗದಿಯಾದವರು ನಿಲ್ಲುವಂತಿಲ್ಲ. ಕೃಷಿ ಸಹಕಾರ ಸಂಘಕ್ಕೋ ಸಹಕಾರ ಬ್ಯಾಂಕಿಗೋ ಸಾಲ ಬಾಕಿ ಇರುವವರು ನಿಲ್ಲುವಂತಿಲ್ಲ. ವಿದ್ಯುತ್ ಬಿಲ್ಲಿನ ಬಾಕಿ ಇರುವವರು, ವಾಸದ ಮನೆಯಲ್ಲಿ ಬಳಕೆಯಲ್ಲಿರುವ ಶೌಚಾಲಯ ಇದೆ ಎಂದು ಘೋಷಿಸಲಾಗದವರು ನಿಲ್ಲುವಂತಿಲ್ಲ. ಐದನೆಯದು ಓದಿನ ಷರತ್ತು: ಸಾಮಾನ್ಯ ಅಭ್ಯರ್ಥಿ ಮೆಟ್ರಿಕ್ ಪಾಸಾಗಿರಬೇಕು, ಮಹಿಳೆ ಅಥವಾ ಪರಿಶಿಷ್ಟ ಜಾತಿಯ ಅಭ್ಯರ್ಥಿಗೆ ಎಂಟನೆಯ ತರಗತಿ ಸಾಕು, ಪಂಚಾಯಿತಿಯ ಸಾಮಾನ್ಯ ಸದಸ್ಯ ಸ್ಥಾನಕ್ಕೆ, ಅಂದರೆ ಪಂಚ್ ಸ್ಥಾನಕ್ಕೆ, ನಿಲ್ಲುವ ಪರಿಶಿಷ್ಟ ಜಾತಿಯ ಮಹಿಳೆಗೆ ಐದನೆಯ ತರಗತಿ.

ಬಿಡಿಬಿಡಿಯಾಗಿ ಓದಿದರೆ ಪ್ರತಿಯೊಂದೂ ಒಳ್ಳೆಯ ಮಾತಿನಂತೆಯೇ ಕೇಳಿಸುತ್ತದೆ. ಓದಿರಬೇಕು, ಸಾಲ ತೀರಿಸಿರಬೇಕು, ಶೌಚಾಲಯ ಕಟ್ಟಿಸಿರಬೇಕು ಎಂದರೆ ಬೇಡ ಎನ್ನುವವರು ಯಾರಿದ್ದಾರೆ? ಐದನ್ನೂ ಒಬ್ಬಳೇ ಹೆಂಗಸಿನ ಮುಂದೆ ಸಾಲಾಗಿ ನಿಲ್ಲಿಸಿದಾಗ ಅದರ ಸ್ವರೂಪ ತಿಳಿಯುತ್ತದೆ. ಐವತ್ತು ದಾಟಿದವಳು, ಭೂಮಿಯಿಲ್ಲದ ಮನೆಯವಳು, ಊರಿನಲ್ಲಿ ಹೆಣ್ಣುಮಕ್ಕಳು ಶಾಲೆಗೆ ಹೋಗುವ ರೂಢಿ ಬರುವ ಮೊದಲೇ ಬಾಲ್ಯ ಕಳೆದವಳು ಎಂದುಕೊಳ್ಳಿ. ಎರಡು ಬೇಲಿ ಹಾರಿದರೆ ಮೂರನೆಯದು ಎದುರಿಗಿರುತ್ತದೆ. ಇದೇ ಬೇಲಿಗಳು ಊರ ನಡುವಿನ ದೊಡ್ಡ ಮನೆಯ ಯಜಮಾನನ ಕಣ್ಣಿಗೆ ಬೀಳುವುದೂ ಇಲ್ಲ.

ಮೊದಲ ಬೇಲಿಯ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಶಾಸಕ ಅಥವಾ ಸಂಸದನಾಗುವವನಿಗೆ ಅಪರಾಧ ಸಾಬೀತಾಗಿ ಶಿಕ್ಷೆಯಾದ ಮೇಲೆ ಅನರ್ಹತೆ ಬರುತ್ತದೆ. ಪಂಚಾಯಿತಿಗೆ ನಿಲ್ಲುವವನಿಗೆ ದೋಷಾರೋಪ ನಿಗದಿಯಾದರೆ ಸಾಕು. ಚುನಾವಣೆ ಹತ್ತಿರವಾದಂತೆ ಎದುರಾಳಿಯ ಮೇಲೆ ಒಂದು ಕೇಸು ಜಡಿಸುವುದು ಹಳ್ಳಿ ರಾಜಕೀಯದಲ್ಲಿ ಎಷ್ಟು ಹಳೆಯ ಆಟ ಎಂಬುದನ್ನು ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಸರ್ಕಾರದ ವಾದದಲ್ಲಿ ಹುರುಳಿಲ್ಲವೇ?

ಇದೆ. ಇಲ್ಲ ಎಂದು ಹೇಳಿ ಮುಂದೆ ಹೋಗುವುದು ಸುಲಭ, ಆದರೆ ಪ್ರಾಮಾಣಿಕವಲ್ಲ. ಪಂಚಾಯಿತಿಗಳಿಗೆ ಸಾಂವಿಧಾನಿಕ ಸ್ಥಾನ ಕೊಟ್ಟ ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಮೇಲೆ ಪಂಚಾಯಿತಿಗಳ ಕೈಗೆ ಹಣವೂ ಕೆಲಸವೂ ಬಂದವು. ಸರಪಂಚಳ, ಅಂದರೆ ಪಂಚಾಯಿತಿ ಅಧ್ಯಕ್ಷೆಯ, ಮುಂದೆ ಚೆಕ್ಕು ಇಟ್ಟು 'ಇಲ್ಲಿ ಹೆಬ್ಬೆಟ್ಟು ಒತ್ತಿ' ಎನ್ನುವ ಕಾರ್ಯದರ್ಶಿಗಳು ಎಲ್ಲ ರಾಜ್ಯಗಳಲ್ಲೂ ಇದ್ದರು, ಇದ್ದಾರೆ. ಹೆಂಡತಿಯನ್ನು ಗೆಲ್ಲಿಸಿ ಗಂಡ ಕುರ್ಚಿಯಲ್ಲಿ ಕೂರುವುದೂ ಗುಟ್ಟಿನ ಸಂಗತಿಯಲ್ಲ. ಓದು ಬಂದರೆ ಮೋಸ ಹೋಗುವುದು ಕಡಿಮೆಯಾಗುತ್ತದೆ ಎಂಬ ನಿರೀಕ್ಷೆ ಅಸಂಬದ್ಧವೇನಲ್ಲ.

ಈ ಆಸೆ ಹೊಸದೂ ಅಲ್ಲ. 1949ರ ನವೆಂಬರ್ 26ರಂದು ಸಂವಿಧಾನ ಅಂಗೀಕಾರವಾದ ದಿನ ಸಂವಿಧಾನ ಸಭೆಯ ಅಧ್ಯಕ್ಷರಾಗಿದ್ದ ಡಾ. ರಾಜೇಂದ್ರ ಪ್ರಸಾದ್ ಇದೇ ಅತೃಪ್ತಿಯನ್ನು ತೋಡಿಕೊಂಡಿದ್ದರು. ಕಾನೂನನ್ನು ಜಾರಿ ಮಾಡುವವರಿಗೆ ಉನ್ನತ ಅರ್ಹತೆ ಕೇಳುತ್ತೇವೆ, ಅದನ್ನು ಮಾಡುವವರಿಗೆ ಆಯ್ಕೆಯಾಗುವುದರ ಹೊರತು ಬೇರೆ ಅರ್ಹತೆ ಕೇಳುವುದಿಲ್ಲ, ಇದು ವಿಚಿತ್ರ ಎಂಬುದು ಅವರ ಮಾತಿನ ತಿರುಳು. ಆದರೆ ಅವರು ಮಾತನಾಡಿದ್ದು ಶಾಸನಸಭೆಗಳ ಸದಸ್ಯರ ಬಗ್ಗೆ. ಎಪ್ಪತ್ತು ವರ್ಷ ದಾಟಿದರೂ ಆ ಸದಸ್ಯರಿಗೆ ಓದಿನ ಷರತ್ತು ಬಂದಿಲ್ಲ. ಹರಿಯಾಣದ ವಿಧಾನಸಭೆಯಲ್ಲಿ ಈ ಮಸೂದೆಗೆ ಕೈಯೆತ್ತಲು ಹತ್ತನೆಯ ತರಗತಿಯ ಅಂಕಪಟ್ಟಿ ಬೇಕಿರಲಿಲ್ಲ. ಅದೇ ಮಸೂದೆಯ ನಂತರ ಊರಿನ ಪಂಚ್ ಆಗಲು ಬೇಕಾಯಿತು. ಶಾಲೆಯನ್ನು ಅರ್ಧಕ್ಕೇ ಬಿಟ್ಟ ಕೆ. ಕಾಮರಾಜ್ ಮದ್ರಾಸ್ ರಾಜ್ಯದ ಮುಖ್ಯಮಂತ್ರಿಯಾಗಿ ಹಳ್ಳಿಹಳ್ಳಿಗೆ ಶಾಲೆ, ಶಾಲೆಯಲ್ಲಿ ಊಟ ತಂದವರು. ಈ ಕಾಯ್ದೆಯ ಪ್ರಕಾರ ಅವರಿಗೆ ಹರಿಯಾಣದ ಒಂದು ಹಳ್ಳಿಯಲ್ಲಿ ಸರಪಂಚನಾಗುವ ಯೋಗ್ಯತೆ ಇರುತ್ತಿರಲಿಲ್ಲ.

ತೀರ್ಪು

ಪೀಠ ಒಂದು ಮುಖ್ಯ ವಿಷಯದಲ್ಲಿ ಅರ್ಜಿದಾರರ ಪರವಾಗಿಯೇ ಮಾತನಾಡಿತು. ಮತ ಹಾಕುವುದೂ ಚುನಾವಣೆಗೆ ನಿಲ್ಲುವುದೂ ಎರಡೂ ಸಾಂವಿಧಾನಿಕ ಹಕ್ಕುಗಳು ಎಂದಿತು. ಆದರೆ ಆ ಹಕ್ಕಿಗೆ ಮಿತಿ ಹಾಕಬಹುದು. ಸಂವಿಧಾನದ 243ಎಫ್ ವಿಧಿಯೇ ರಾಜ್ಯ ಶಾಸಕಾಂಗಕ್ಕೆ ಅನರ್ಹತೆಗಳನ್ನು ಗೊತ್ತುಪಡಿಸುವ ಅಧಿಕಾರ ಕೊಟ್ಟಿದೆ ಎಂದು ಸೇರಿಸಿತು. ಇಷ್ಟೇ ಆಗಿದ್ದರೆ ಅದು ಕಾನೂನಿನ ಒಂದು ಒಣ ವಾದವಾಗಿ ಉಳಿಯುತ್ತಿತ್ತು. ತೀರ್ಪು ಅಲ್ಲಿಗೆ ನಿಲ್ಲದೆ ಒಂದೊಂದು ಬೇಲಿಯನ್ನೂ ಸಮರ್ಥಿಸಲು ಹೊರಟಿತು. ನನಗೆ ಅದರ ಜೊತೆ ಜಗಳವಿರುವುದು ಅಲ್ಲಿಂದ.

ಓದಿನ ಬಗ್ಗೆ: ಸರಿ ತಪ್ಪು, ಒಳಿತು ಕೆಡುಕುಗಳನ್ನು ವಿವೇಚಿಸುವ ಶಕ್ತಿಯನ್ನು ಮನುಷ್ಯನಿಗೆ ಕೊಡುವುದು ಶಿಕ್ಷಣ ಮಾತ್ರ ಎಂದು ತೀರ್ಪು ಹೇಳುತ್ತದೆ. 'ಮಾತ್ರ' ಎಂಬ ಆ ಪದವನ್ನು ನಾನು ಎಷ್ಟು ಸಲ ಓದಿದರೂ ಜೀರ್ಣಿಸಿಕೊಳ್ಳಲಾಗಿಲ್ಲ. ಓದು ಬರಹ ಬಾರದ ತಾಯಿಯ ಕೈಯಲ್ಲಿ ಬೆಳೆದ ಯಾರೂ ಆ ಪದವನ್ನು ಒಪ್ಪಲಾರರು ಎಂದುಕೊಂಡಿದ್ದೆ.

ಸಾಲದ ಬಗ್ಗೆ: ಯಾವ ಹಂತದ ಚುನಾವಣೆಯೇ ಆಗಲಿ ದುಬಾರಿಯಾದದ್ದು, ಹಾಗಾಗಿ ಸಾಲದಲ್ಲಿ ಮುಳುಗಿದವನು ನಿಜವಾಗಿ ಚುನಾವಣೆಗೆ ನಿಲ್ಲಲು ಬಯಸುವುದು ಅಪರೂಪ ಎಂಬ ಧಾಟಿಯಲ್ಲಿ ತೀರ್ಪು ವಾದಿಸುತ್ತದೆ. ರೈತರು ಸಾಲದ ಹೊರೆಯಲ್ಲಿ ಪ್ರಾಣ ಕಳೆದುಕೊಳ್ಳುತ್ತಿದ್ದಾರೆ ಎಂಬ ಮಾತು ಅರ್ಜಿದಾರರ ಕಡೆಯಿಂದ ಬಂದಿತ್ತು. ಅದಕ್ಕೆ ಸಿಕ್ಕ ಉತ್ತರ ಇದು. ಚುನಾವಣೆ ಹಣವಂತರ ಆಟವಾಗಿದೆ ಎಂಬ ಕೊರಗನ್ನು ಕೋರ್ಟು ಹಣವಿಲ್ಲದವರನ್ನು ಹೊರಗಿಡುವುದಕ್ಕೆ ಸಮರ್ಥನೆಯಾಗಿ ಬಳಸಿಕೊಂಡಿತು.

ಶೌಚಾಲಯದ ಬಗ್ಗೆ: ಬಡ ಕುಟುಂಬಗಳಿಗೆ ಸರ್ಕಾರ ಸಹಾಯಧನ ಕೊಡುತ್ತಿದೆ, ಆದರೂ ಶೌಚಾಲಯ ಇಲ್ಲವೆಂದರೆ ಅದಕ್ಕೆ ಕಾರಣ ಬಡತನವಲ್ಲ, ಇಚ್ಛೆಯ ಕೊರತೆ ಎಂದಿತು ಪೀಠ. ಯಾವುದೇ ಸಹಾಯಧನದ ಯೋಜನೆಯ ಹಣಕ್ಕಾಗಿ ಕಚೇರಿಯ ಮೆಟ್ಟಿಲು ಹತ್ತಿ ಇಳಿದವರು ಈ ವಾಕ್ಯವನ್ನು ಓದಿ ನಗಬಹುದು. ಮೊದಲು ಸ್ವಂತ ಹಣ ಹಾಕಿ ಕಟ್ಟು, ಆಮೇಲೆ ಫೋಟೊ ತೆಗೆಸು, ಆಮೇಲೆ ಕಾಯಿ. ಕಾಯುವವಳ ಮನೆಯಲ್ಲಿ ಇಚ್ಛೆಗೆ ಬರವಿರುವುದಿಲ್ಲ.

ಇನ್ನು ಲೆಕ್ಕ. ತೀರ್ಪಿನಲ್ಲೇ ಬರುವ ಅಂಕಿಗಳ ಪ್ರಕಾರ ಗ್ರಾಮೀಣ ಹರಿಯಾಣದಲ್ಲಿ 20 ವರ್ಷ ದಾಟಿದವರು 96 ಲಕ್ಷ. ಅವರಲ್ಲಿ 36 ಲಕ್ಷ ಮಂದಿ ಅನಕ್ಷರಸ್ಥರು, ಸುಮಾರು 5 ಲಕ್ಷ ಮಂದಿ ಅಕ್ಷರ ಬಲ್ಲರಾದರೂ ಪ್ರಾಥಮಿಕ ಹಂತ ಮುಟ್ಟದವರು. ಉಳಿದ 54.5 ಲಕ್ಷ ಮಂದಿ ವಿದ್ಯಾವಂತರು. ಹಾಗಾದರೆ ಅರ್ಧಕ್ಕಿಂತ ಹೆಚ್ಚು ಜನ ಒಳಗಿದ್ದಾರೆ ಎಂಬ ಭಾವನೆ ಬರುತ್ತದೆ. ಸ್ವಲ್ಪ ನಿಂತು ಕೂಡಿ ಕಳೆದು ನೋಡಿ. 96 ಲಕ್ಷದಿಂದ ಅನಕ್ಷರಸ್ಥರನ್ನೂ ಪ್ರಾಥಮಿಕ ಮುಟ್ಟದವರನ್ನೂ ಕಳೆದಾಗ ಉಳಿಯುವ ಗುಂಪಿನಲ್ಲಿ ಐದನೆಯ ತರಗತಿಗೇ ಶಾಲೆ ಬಿಟ್ಟವರೂ ಸೇರಿರುತ್ತಾರೆ. ಕಾಯ್ದೆ ಸಾಮಾನ್ಯ ಅಭ್ಯರ್ಥಿಯಿಂದ ಕೇಳುವುದು ಮೆಟ್ರಿಕ್. ಐದರಲ್ಲಿ ಬಿಟ್ಟವನು, ಎಂಟರಲ್ಲಿ ಬಿಟ್ಟವನು, ಹತ್ತರಲ್ಲಿ ನಪಾಸಾದವನು 'ವಿದ್ಯಾವಂತ'ನಾಗಿ ಎಣಿಕೆಯಾಗುತ್ತಾನೆ, ಅಭ್ಯರ್ಥಿಯಾಗಿ ತಿರಸ್ಕೃತನಾಗುತ್ತಾನೆ. ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಈ ಕಳೆಯುವ ಲೆಕ್ಕ.

ತೀರ್ಪಿಗೆ ಈ ಅಂಕಿಗಳು ನಿರ್ಣಾಯಕವೂ ಆಗಿರಲಿಲ್ಲ. ಒಂದು ವರ್ಗವನ್ನು ಹೊರಗಿಡುವುದು ಸಂವಿಧಾನಕ್ಕೆ ಒಪ್ಪಿತವಾದರೆ ಆ ವರ್ಗ ಎಷ್ಟು ದೊಡ್ಡದು ಎಂಬುದು ಮುಖ್ಯವಲ್ಲ, ಸ್ಥಾನ ತುಂಬಲು ಜನರೇ ಸಿಗದಂಥ ಸ್ಥಿತಿ ಬಂದರೆ ಮಾತು ಬೇರೆ ಎಂಬುದು ಪೀಠದ ನಿಲುವು. ನಿಲ್ಲುವವರು ಒಂದಷ್ಟು ಜನ ಸಿಕ್ಕರೆ ಸಾಕು, ನಿಲ್ಲಲಾಗದವರ ಲೆಕ್ಕ ಬೇಡ.

ಹೀಗೆ ಹೇಳಲು ಪೀಠಕ್ಕೆ ಒಂದು ಹಳೆಯ ಮೆಟ್ಟಿಲೂ ಇತ್ತು, ಅದೂ ಹರಿಯಾಣದ್ದೇ. 2003ರ ಜುಲೈನಲ್ಲಿ ಜಾವೇದ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಎರಡಕ್ಕಿಂತ ಹೆಚ್ಚು ಮಕ್ಕಳಿರುವವರು ಪಂಚಾಯಿತಿಗೆ ನಿಲ್ಲಬಾರದು ಎಂಬ ನಿಯಮವನ್ನು ಎತ್ತಿಹಿಡಿದಿತ್ತು. ಕೆಲವೇ ವರ್ಷಗಳಲ್ಲಿ ಹರಿಯಾಣ ಆ ನಿಯಮವನ್ನು ತಾನಾಗಿಯೇ ಕೈಬಿಟ್ಟಿತು. ಇಂಥದ್ದೇ ನಿಯಮವಿದ್ದ ಆಂಧ್ರಪ್ರದೇಶ 2024ರಲ್ಲಿ ಅದನ್ನು ರದ್ದು ಮಾಡಿತು. ಆ ವೇಳೆಗೆ ಅಲ್ಲಿನ ಮುಖ್ಯಮಂತ್ರಿ ಹೆಚ್ಚು ಮಕ್ಕಳನ್ನು ಹೆರಿ ಎಂದು ಹೇಳತೊಡಗಿದ್ದರು. ಸರ್ಕಾರದ ಮನಸ್ಸು ಬದಲಾಗುತ್ತದೆ. ಮೂರನೆಯ ಮಗುವಿನ ಕಾರಣಕ್ಕೆ ಸದಸ್ಯತ್ವ ಕಳೆದುಕೊಂಡವಳ ಐದು ವರ್ಷ ಹಿಂದಕ್ಕೆ ಬರುವುದಿಲ್ಲ.

ಬಾಕಿ ಯಾರದು?

1950ರ ಸಂವಿಧಾನ 45ನೆಯ ವಿಧಿಯಲ್ಲಿ ಸರ್ಕಾರಕ್ಕೆ ಒಂದು ಗಡುವು ಕೊಟ್ಟಿತ್ತು: ಹತ್ತು ವರ್ಷಗಳೊಳಗೆ 14 ವರ್ಷದವರೆಗಿನ ಎಲ್ಲ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಶ್ರಮಿಸಬೇಕು. ಗಡುವು 1960ಕ್ಕೆ ಮುಗಿಯಿತು. ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ನಡುವಿನ ಅರ್ಧ ಶತಮಾನದಲ್ಲಿ ಹುಟ್ಟಿ ಬೆಳೆದ ಹೆಣ್ಣುಮಕ್ಕಳೇ 2015ರಲ್ಲಿ ಹರಿಯಾಣದ ನಾಮಪತ್ರದ ಮೇಜಿನ ಮುಂದೆ ನಿಲ್ಲಬೇಕಾಗಿದ್ದವರು. ವಿದ್ಯುತ್ ಬಿಲ್ಲು ಕಟ್ಟದವರನ್ನು ಬಾಕಿದಾರರು ಎಂದು ಕರೆಯುವ ಕಾಯ್ದೆ, ಐವತ್ತು ವರ್ಷ ಶಾಲೆ ಕೊಡದೆ ಬಾಕಿ ಉಳಿಸಿಕೊಂಡವರನ್ನು ಏನೆಂದು ಕರೆಯಬೇಕು ಎಂದು ಹೇಳುವುದಿಲ್ಲ. ಸಾಲ ಕೊಡಬೇಕಾದವನೇ ಸಾಲ ಬರಬೇಕಾದವಳ ಮನೆಗೆ ಜಪ್ತಿಗೆ ಬಂದ ಹಾಗಿದೆ ಇದು.

ಮೀಸಲಾತಿಯ ಜೊತೆಗಿಟ್ಟು ನೋಡಿದರೆ ಇನ್ನೂ ಸೋಜಿಗ. 243ಡಿ ವಿಧಿ ಮಹಿಳೆಯರಿಗೂ ಪರಿಶಿಷ್ಟರಿಗೂ ಸ್ಥಾನಗಳನ್ನು ಮೀಸಲಿಟ್ಟದ್ದು, ಅವಕಾಶ ಸಿಗದೆ ಉಳಿದವರು ಅವರು ಎಂಬ ಕಾರಣಕ್ಕೆ. ಶಾಲೆಯೂ ಆ ಸಿಗದೆ ಹೋದ ಅವಕಾಶಗಳಲ್ಲಿ ಒಂದು. ಯಾವ ಕೊರತೆಗೆ ಪರಿಹಾರವಾಗಿ ಕುರ್ಚಿ ಮೀಸಲಿಟ್ಟರೋ ಅದೇ ಕೊರತೆಯನ್ನು ತೋರಿಸಿ ಆ ಕುರ್ಚಿಯಿಂದ ಎಬ್ಬಿಸಿದರು. ಎಂಟನೆಯ ತರಗತಿ, ಐದನೆಯ ತರಗತಿ ಎಂಬ ರಿಯಾಯಿತಿಯನ್ನು ಸರ್ಕಾರ ತನ್ನ ಔದಾರ್ಯವೆಂಬಂತೆ ತೋರಿಸಿತು. ಆದರೆ ಯಾರಿಗೆ ಎಷ್ಟು ಶಾಲೆ ದಕ್ಕಿಲ್ಲ ಎಂಬುದು ತನಗೆ ಚೆನ್ನಾಗಿ ಗೊತ್ತು ಎಂಬ ತಪ್ಪೊಪ್ಪಿಗೆಯೂ ಆ ರಿಯಾಯಿತಿಯಲ್ಲೇ ಅಡಗಿದೆ.

ಮತದಾರರ ವಿಷಯದಲ್ಲಿ ಈ ದೇಶ ಬೇರೆ ದಾರಿ ಹಿಡಿದಿತ್ತು. 1951ರ ಜನಗಣತಿಯಲ್ಲಿ ಸಾಕ್ಷರತೆ ಶೇ 18ರ ಆಸುಪಾಸಿನಲ್ಲಿತ್ತು. ಆಗಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೆನ್, ಓದು ಬಾರದವರು ಕಾಯಲಿ ಎನ್ನಲಿಲ್ಲ. ಮತಪೆಟ್ಟಿಗೆಗಳ ಮೇಲೆ ಚಿತ್ರಗಳನ್ನು ಅಂಟಿಸಿದರು. ಎತ್ತು, ಗುಡಿಸಲು, ದೀಪ ನೋಡಿ ಜನ ಮತ ಹಾಕಿದರು. ಜನರಿಗೆ ಹೊಂದುವಂತೆ ವ್ಯವಸ್ಥೆ ಬಗ್ಗಿತು. ಲೆಕ್ಕಪತ್ರ ಅರ್ಥವಾಗದ ಸದಸ್ಯೆಗೆ ತರಬೇತಿ ಕೊಡುವುದು, ಸಭೆಯಲ್ಲಿ ಕಾಗದವನ್ನು ಗಟ್ಟಿಯಾಗಿ ಓದಿ ಹೇಳಬೇಕೆಂಬ ನಿಯಮ ಮಾಡುವುದು, ಹೆಬ್ಬೆಟ್ಟು ಒತ್ತಿಸಿಕೊಂಡು ಮೋಸ ಮಾಡಿದ ನೌಕರನನ್ನು ಶಿಕ್ಷಿಸುವುದು, ಇವೆಲ್ಲ 2015ರಲ್ಲೂ ಸಾಧ್ಯವಿದ್ದವು. ಮೋಸ ಮಾಡುವವನ ಕೈ ಕಟ್ಟುವ ಬದಲು ಮೋಸ ಹೋಗುವವಳನ್ನು ಹೊರಗೆ ಕಳಿಸಿದರು.

ಇಲ್ಲೊಂದು ಕವಲು. ಹರಿಯಾಣಕ್ಕಿಂತ ಮೊದಲು, 2014ರ ಡಿಸೆಂಬರ್‌ನಲ್ಲಿ, ರಾಜಸ್ಥಾನ ಇದೇ ಬಗೆಯ ಸುಗ್ರೀವಾಜ್ಞೆ ತಂದಿತ್ತು: ಸರಪಂಚರಿಗೆ ಎಂಟನೆಯ ತರಗತಿ, ಬುಡಕಟ್ಟು ಪ್ರದೇಶಗಳಲ್ಲಿ ಐದನೆಯದು, ಜಿಲ್ಲಾ ಪರಿಷತ್ತು ಮತ್ತು ಪಂಚಾಯಿತಿ ಸಮಿತಿಗೆ ಹತ್ತನೆಯದು. ಆಗ ಅಜ್ಮೀರ್ ಜಿಲ್ಲೆಯ ಹರ್ಮಾಡಾ ಪಂಚಾಯಿತಿಯಲ್ಲಿ ಸರಪಂಚರಾಗಿದ್ದವರು ನೌರೋತಿ ದೇವಿ. ದಲಿತ ಮಹಿಳೆ, ಶಾಲೆಗೆ ಹೋದವರಲ್ಲ. 1980ರ ದಶಕದ ಆರಂಭದಲ್ಲಿ ಬರ ಪರಿಹಾರದ ರಸ್ತೆ ಕೆಲಸದಲ್ಲಿ ಕನಿಷ್ಠ ಕೂಲಿ ಸಿಗದಾಗ ಜೊತೆಯವರನ್ನು ಕಟ್ಟಿಕೊಂಡು ಹೋರಾಡಿದ್ದರು. ಆ ಹೋರಾಟ 1983ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಕೂಲಿಕಾರರ ಪರವಾದ ತೀರ್ಪಾಯಿತು. ದೊಡ್ಡವರಾದ ಮೇಲೆ ಅಕ್ಷರ ಕಲಿತರು, ತಿಲೋನಿಯಾದ ಬೇರ್‌ಫುಟ್ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿತರು. ಹೊಸ ನಿಯಮ ಬಂದಾಗ ಅವರು ಮತ್ತೆ ನಿಲ್ಲಲು ಅನರ್ಹರು, ಏಕೆಂದರೆ ಇಷ್ಟರಲ್ಲಿ ಯಾವುದಕ್ಕೂ ಶಾಲೆಯ ಮೊಹರು ಇರಲಿಲ್ಲ. ಒಳಿತು ಕೆಡುಕು ತಿಳಿಯಲು ಶಿಕ್ಷಣ ಮಾತ್ರ ದಾರಿ ಎಂದ ತೀರ್ಪಿಗೆ ಇದಕ್ಕಿಂತ ದೊಡ್ಡ ಉತ್ತರವನ್ನು ನಾನು ಹುಡುಕಲಾರೆ. 2018ರ ಕೊನೆಯಲ್ಲಿ ರಾಜಸ್ಥಾನದಲ್ಲಿ ಸರ್ಕಾರ ಬದಲಾಯಿತು, 2019ರಲ್ಲಿ ಷರತ್ತು ರದ್ದಾಯಿತು.

ಕರ್ನಾಟಕದಲ್ಲಿ ಪಂಚಾಯಿತಿಗೆ ನಿಲ್ಲಲು ಓದಿನ ಷರತ್ತು ಇಲ್ಲ. ಕೇಂದ್ರದ ತಿದ್ದುಪಡಿಗೂ ಮೊದಲೇ, 1983ರ ಕಾಯ್ದೆಯಲ್ಲಿ ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಿಟ್ಟು 1987ರಲ್ಲಿ ಚುನಾವಣೆ ನಡೆಸಿದ ರಾಜ್ಯ ಇದು. ಆಗ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಆ ಕನಸಿಗೆ ಮೆಟ್ರಿಕ್ ಷರತ್ತು ಸೇರಿಸಿದ್ದರೆ ಮಂಡಲ ಪಂಚಾಯಿತಿಗಳಲ್ಲಿ ಎಷ್ಟು ಹೆಂಗಸರು ಉಳಿಯುತ್ತಿದ್ದರು ಎಂದು ಊಹಿಸಿಕೊಳ್ಳಬಹುದು. ಹಾಗೆಂದು ನಾವು ಬೀಗಬೇಕಾಗಿಲ್ಲ. 'ಹೆಬ್ಬೆಟ್ಟು ಸದಸ್ಯೆ' ಎಂಬ ಬೈಗುಳ ಹುಟ್ಟಿದ್ದು ನಮ್ಮಲ್ಲೇ.

ಆಮೇಲೆ ಏನಾಯಿತು

2016ರ ಜನವರಿಯ ಚುನಾವಣೆಯ ನಂತರ ಆಯ್ಕೆಯಾದವರೆಲ್ಲ ಓದಿದವರು ಎಂಬ ಹೆಮ್ಮೆಯ ಮಾತು ಕೇಳಿಬಂತು. ಓದದವರನ್ನು ನಿಲ್ಲಲು ಬಿಡದ ಮೇಲೆ ಆಯ್ಕೆಯಾಗುವುದು ಇನ್ನಾರು? ಎಂಟನೆಯ ತರಗತಿ ಓದಿದ ಹೆಣ್ಣು ಸಿಗದ ಮನೆಗಳು ಓದಿದ ಸೊಸೆಯನ್ನು ಅವಸರದಲ್ಲಿ ತಂದು ಅಭ್ಯರ್ಥಿ ಮಾಡಿದ ಸುದ್ದಿಗಳು ಪತ್ರಿಕೆಗಳಲ್ಲಿ ಬಂದವು. ಊರಿಗೆ ಬಂದು ತಿಂಗಳೂ ಆಗದವಳು ಊರಿನ ನೀರಿನ ಟ್ಯಾಂಕು ಎಲ್ಲಿದೆ ಎಂದು ತಿಳಿಯುವ ಮೊದಲೇ ಸರಪಂಚಳು. ಅವಳ ಹಿಂದಿನ ಕುರ್ಚಿಯಲ್ಲಿ ಕೂತವರು ಯಾರೆಂದು ಬಿಡಿಸಿ ಹೇಳಬೇಕಿಲ್ಲ. ಗಂಡಂದಿರ ಆಡಳಿತವನ್ನು ಓದು ತಪ್ಪಿಸುತ್ತದೆ ಎಂಬ ನಿರೀಕ್ಷೆ ಹೀಗೆ ತಿರುವು ಪಡೆಯಿತು. ನಕಲಿ ಅಂಕಪಟ್ಟಿಯ ದೂರುಗಳು, ಅವುಗಳ ತನಿಖೆ, ಸ್ಥಾನ ಕಳೆದುಕೊಂಡವರ ಸುದ್ದಿಗಳು ಬೇರೆ.

ಕಾನೂನಿನ ಜಗತ್ತಿನಲ್ಲಿ ತೀರ್ಪಿನ ಒಂದು ಕಂಬಕ್ಕೆ ಬೇಗನೇ ಬಿರುಕು ಬಿಟ್ಟಿತು. ಒಂದು ಶಾಸನ ಬರೀ ವಿವೇಚನಾಹೀನವಾಗಿದೆ ಎಂಬ ಕಾರಣಕ್ಕೆ ಅದನ್ನು ಹೊಡೆದುಹಾಕಲಾಗದು ಎಂಬ, 1996ರ ಮೆಕ್‌ಡವೆಲ್ ಪ್ರಕರಣದಿಂದ ಬಂದ ವಾದವನ್ನು ರಾಜಬಾಲಾ ಪೀಠ ನೆಚ್ಚಿಕೊಂಡಿತ್ತು. 2017ರ ಆಗಸ್ಟ್‌ನಲ್ಲಿ ತ್ರಿವಳಿ ತಲಾಖ್ ಕುರಿತ ಶಾಯರಾ ಬಾನು ಪ್ರಕರಣದಲ್ಲಿ ನ್ಯಾಯಮೂರ್ತಿ ಆರ್.ಎಫ್. ನಾರಿಮನ್ ಆ ವಾದವನ್ನು ತಳ್ಳಿಹಾಕಿದರು; ಅದನ್ನು ಅನುಸರಿಸಿದ ತೀರ್ಪುಗಳು, ರಾಜಬಾಲಾ ಸೇರಿದಂತೆ, ಆ ಅಂಶದ ಮಟ್ಟಿಗೆ ಇನ್ನು ಒಳ್ಳೆಯ ಕಾನೂನಲ್ಲ ಎಂದು ಹೆಸರಿಸಿಯೇ ಬರೆದರು. ಬಿರುಕು ಬಿಟ್ಟರೂ ಕಟ್ಟಡ ಮಾತ್ರ ನಿಂತೇ ಇತ್ತು.

2020ರಲ್ಲಿ ಹರಿಯಾಣ ಪಂಚಾಯಿತಿಗಳಲ್ಲಿ ಮಹಿಳೆಯರ ಪಾಲನ್ನು ಅರ್ಧಕ್ಕೆ ಏರಿಸಿತು. ತಡವಾಗಿ, 2022ರ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಮುಂದಿನ ಚುನಾವಣೆ ನಡೆಯಿತು. ಮಹಿಳೆಯರಿಗೆ ಹೆಚ್ಚು ಕುರ್ಚಿಗಳು ಸಿಕ್ಕವು. ನಾಮಪತ್ರದ ಮೇಜಿನಲ್ಲಿ ಕೂತವರು ಆಗಲೂ ಎಂಟನೆಯ ತರಗತಿಯ ಪ್ರಮಾಣಪತ್ರ ಕೇಳಿದರು.